ಸೂರಿನ ಕೆಳಗಣ ಗಾಳಿಯ ವಿಚಾರ

ಪ್ರತಿವರ್ಷವೂ ಏಪ್ರಿಲ್ 24-25ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ, ನಡುಹಗಲಿನ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗಿಹೋಗುವುದು. ಸೂರ್ಯನು ನೆತ್ತಿಯ ಮೇಲೆ ನೇರವಾಗಿ ನಿಲ್ಲುವ ಈ ದಿನಗಳಿಗೆ ಶೂನ್ಯ ನೆರಳಿನ ದಿನಗಳೆಂದು ಹೆಸರಿಟ್ಟು, ಉತ್ಸಾಹಿಗಳಾದ ಉಪಾಧ್ಯಾಯರು ಮಕ್ಕಳನ್ನು ಶಾಲೆಯ ಬಯಲಿಗೆ ಕರೆತಂದು, ಲೋಟವನ್ನು ಕವುಚಿಟ್ಟು ತೋರಿಸುವ ವಾಡಿಕೆ ಈಚೆಗೆ ಬೆಳೆದಿದೆ. ಮಕ್ಕಳಿಗೆ ಅದು ವಿನೋದ. ಮನೆ ಕಟ್ಟಿಸುವವರಿಗಾದರೋ ಎಚ್ಚರಿಕೆಯಾಗಬೇಕಾದ ಸಂಗತಿ. ಹದಿಮೂರನೆಯ ಅಕ್ಷಾಂಶದ ಆಸುಪಾಸಿನಲ್ಲಿರುವ ನಮ್ಮ ಊರಿನಲ್ಲಿ ಬೇಸಗೆಯ ಬಿಸಿಲಿನ ಮುಖ್ಯ ಪ್ರಹಾರವು ಗೋಡೆಯ ಮೇಲಲ್ಲ, ಮಾಡಿನ ಮೇಲೆ ಬೀಳುವುದು. ಬೆಂಗಳೂರು ನಗರದಲ್ಲಿ ದಾಖಲಾದ ಗರಿಷ್ಠ ಉಷ್ಣತೆಯಾದ 39.2 ಡಿಗ್ರಿ ಕಂಡದ್ದೂ 2016ರ ಏಪ್ರಿಲ್ 24ರಂದೇ. 2024ರ ಏಪ್ರಿಲ್ 28ರಂದು ಅದು 38.5ಕ್ಕೆ ಏರಿ, ಹಿಂದಿನದು ಆಕಸ್ಮಿಕವೆಂದು ಸಮಾಧಾನ ಹೇಳಿಕೊಳ್ಳುವ ಅವಕಾಶವನ್ನೂ ಕಿತ್ತುಕೊಂಡಿತು.

ನಗರದ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸಿನಲ್ಲಿ ಪೂರ್ವಕ್ಕೆ ತಿರುಗಿ ಕೋಗಿಲು ಮುಖ್ಯರಸ್ತೆಯನ್ನು ಹಿಡಿದು ಸಾಗುವವನು, ಅಂಗಡಿಗಳ ಫಲಕಗಳಿಂದ ಕಣ್ಣನ್ನು ಕೊಂಚ ಮೇಲಕ್ಕೆತ್ತಿದನೆಂದರೆ, ಈ ಊರಿನ ಚರಿತ್ರೆಯನ್ನು ಅದರ ಮಾಡುಗಳಲ್ಲಿಯೇ ಓದಬಹುದು. ಈ ಸೀಮೆಯ ಹಳ್ಳಿಗಳಿಗೆ ಸಹಜವಾದ ಕಲ್ಲುಚಪ್ಪಡಿಯ ಹಾಗೂ ನಾಡಹೆಂಚಿನ ಹೊದಿಕೆಗಳು ಅಲ್ಲೊಂದು ಇಲ್ಲೊಂದು ಉಳಿದಿರುವುದು; ಅವನ್ನು ಒತ್ತರಿಸಿಕೊಂಡು 30×40 ಅಡಿಯ ನಿವೇಶನಗಳಲ್ಲಿ ಎದ್ದುನಿಂತಿರುವ ಸಿಮೆಂಟಿನ ತಾರಸಿಗಳು; ಆ ತಾರಸಿಗಳ ಮೇಲೆ ಈಚಿನ ವರ್ಷಗಳಲ್ಲಿ ಕಬ್ಬಿಣದ ಟ್ರಸ್ಸು ನಿಲ್ಲಿಸಿ ಹೊದಿಸಿದ ನೀಲಿ, ಹಸಿರು, ಇಟ್ಟಿಗೆಗೆಂಪಿನ ತಗಡುಗಳು; ಕಾವಲುಗಾರನಿರುವ ದೊಡ್ಡ ಗೇಟಿನ ಒಳಗೆ ಇಳಿಜಾರು ಮಾಡನ್ನೂ ಅದರಡಿಯಲ್ಲಿ ಜಿಪ್ಸಮ್ಮಿನ ಫಾಲ್ಸ್ ಸೀಲಿಂಗನ್ನೂ ತಳೆದ ವಿಲ್ಲಾಗಳು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ಕೆಲಸವನ್ನಾರಂಭಿಸಿದ ಮೇಲೆ ಈ ದಾರಿಯ ಇಕ್ಕೆಲಗಳಲ್ಲಿ ಭೂಮಿಗೆ ಬಂದ ಬೆಲೆಯೂ, ಕಟ್ಟಡಕ್ಕೆ ಬಂದ ಆತುರವೂ ಓದುಗರಿಗೆ ತಿಳಿದದ್ದೇ. ಆತುರದಲ್ಲಿ ಮರೆತುಹೋದ ಹಲವು ವಿಷಯಗಳಲ್ಲಿ ಒಂದನ್ನು ಮಾತ್ರ ನಾನಿಲ್ಲಿ ಎತ್ತಿಕೊಳ್ಳುತ್ತೇನೆ: ತಗಡಿಗೂ ತಾರಸಿಗೂ ನಡುವೆ, ಅಥವಾ ಹೆಂಚಿಗೂ ಒಳಮಾಡಿಗೂ ನಡುವೆ ಉಳಿಯುವ ಆ ಅಟ್ಟದಂಥ ಪೊಳ್ಳಿನಲ್ಲಿ ಗಾಳಿ ಆಡುವ ಬಗೆ.

ಹಿಂದಿನ ಮಾಡುಗಳಿಗೆ ಈ ಚಿಂತೆಯಿರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ ಹೊರಟು, ಘಟ್ಟವನ್ನೇರಿ ಬಂದು ಬಯಲುಸೀಮೆಯ ಬಂಗಲೆಗಳನ್ನೂ ಕಚೇರಿಗಳನ್ನೂ ಹೊದಿಸಿದ ಕೆಂಪು ಹೆಂಚು, ಒಂದರ ತುಟಿಗೆ ಇನ್ನೊಂದು ಸಿಕ್ಕಿಕೊಂಡು ಮಳೆಯನ್ನು ತಡೆಯುವುದಾದರೂ, ನಡುವಣ ಸಂದುಗಳಿಂದ ಬಿಸಿಗಾಳಿಯನ್ನು ನಿರಾತಂಕವಾಗಿ ಹೊರಕ್ಕೆ ಬಿಡುವುದು. ಮಲೆನಾಡಿನಲ್ಲಿ ಮುಂಜಾನೆ ಎದುರುಗುಡ್ಡದಿಂದ ಹಳೆಯ ಮನೆಯೊಂದನ್ನು ನೋಡಿದವರು ಬಲ್ಲರು: ಅಡುಗೆಮನೆಯ ಹೊಗೆ ಅಟ್ಟವನ್ನು ಸೇರಿ, ಅಲ್ಲಿ ಒಟ್ಟಿದ ಸೌದೆಯನ್ನು ಒಣಗಿಸಿ, ಹೊಗೆಗೂಡಿನ ಹಂಗಿಲ್ಲದೆ ಇಡೀ ಮಾಡಿನ ಮೈಯಿಂದಲೇ ಹೊರಬೀಳುವುದು. ನಮ್ಮ ಬೆಂಗಳೂರಿನಲ್ಲಿಯೂ 1898ರ ಪ್ಲೇಗಿನ ಪೆಟ್ಟು ತಿಂದ ಬಳಿಕ ಜನ ತುಂಬಿಕೊಂಡ ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ಗೋಡೆಯ ನೆತ್ತಿಯ ಬಳಿ, ಹಗ್ಗ ಎಳೆದು ತೆರೆಯುವ ವೆಂಟಿಲೇಟರುಗಳನ್ನು ಇಡದೆ ಮೇಸ್ತ್ರಿಯು ಕೈ ತೊಳೆಯುತ್ತಿರಲಿಲ್ಲ. ಆ ಮಾಡುಗಳಿಗೆ ಗಾಳಿಯ ದಾರಿಯನ್ನು ಯಾರೂ ಲೆಕ್ಕ ಹಾಕಿ ಕೊಡಲಿಲ್ಲ. ಸಾಮಗ್ರಿಯೇ ಅದನ್ನು ಕೊಟ್ಟಿತ್ತು. ಈಗ ಅದೇ ಆಕಾರದ ಮಾಡಿಗೆ ಹೆಂಚಿನ ಬದಲು ಉದ್ದನೆಯ ಬಣ್ಣದ ತಗಡನ್ನು ಹೊದಿಸುತ್ತೇವೆ. ಆಕಾರ ಉಳಿಯಿತು, ಸಂದುಗಳು ಹೋದವು. ಸಾವಿರ ಕಡೆ ಉಸಿರಾಡುತ್ತಿದ್ದದ್ದು ಒಂದು ಕಡೆಯೂ ಉಸಿರಾಡದಂತಾಯಿತು. ಆದಕಾರಣ ಹಿಂದೆ ತಾನಾಗಿ ಒದಗುತ್ತಿದ್ದುದನ್ನು ಇಂದು ಬುದ್ಧಿಪೂರ್ವಕವಾಗಿ ಒದಗಿಸಬೇಕಾಗಿದೆ.

ನಡೆಯುತ್ತಿರುವುದಾದರೋ ಇದಕ್ಕೆ ವಿರುದ್ಧ. ತಾರಸಿಯ ಸೋರಿಕೆಗೆ ಬೇಸತ್ತು ಮೇಲೆ ತಗಡು ಹೊದಿಸುವ ಮನೆಗಳಲ್ಲಿ ಪ್ಯಾರಾಪೆಟ್ಟಿನ ಗೋಡೆಗೂ ತಗಡಿನ ಅಂಚಿಗೂ ನಡುವೆ ಒಂದು ಗೇಣಿನಷ್ಟು ತೆರಪು ಉಳಿಯುವುದು. ತಗಡಿನ ಏರಿಳಿತಗಳ ಕೆಳಗೆ ಬೆರಳು ಹೋಗುವಷ್ಟು ಕಂಡಿಗಳು ಸಾಲುಸಾಲಾಗಿ ತೆರೆದಿರುವುವು. ಎರಡು ದಿನ ಕಳೆಯುವುದರೊಳಗೆ ಗಾರೆಯವನು ಬಂದು, ಬಾಂಡ್ಲಿಯಲ್ಲಿ ಸಿಮೆಂಟು ಕಲಸಿ, ಕರಣೆಯ ತುದಿಯಿಂದ ಆ ಕಂಡಿಗಳೊಂದೊಂದನ್ನೂ ಬಹು ಜಾಗರೂಕತೆಯಿಂದ ಮೆತ್ತಿ ಮುಚ್ಚುವನು. "ಅದನ್ನ ಗಾಳಿ ಬರ್ಲಿ ಅಂತ ಬಿಟ್ಟಿರೋದಲ್ವೇನಪ್ಪಾ?" ಎಂದು ಯಾರಾದರೂ ಕೇಳಿದರೆ, "ಬಿಟ್ರೆ ಹೆಗ್ಗಣ ಬರ್ತವೆ ಸಾರ್, ಪಾರಿವಾಳ ಗೂಡು ಕಟ್ತವೆ, ಆಮೇಲೆ ನೀವೇ ನನ್ನ ಬೈತೀರ" ಎಂಬ ಉತ್ತರ ಸಿದ್ಧವಾಗಿರುವುದು. ಅವನ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಹೆಗ್ಗಣವನ್ನು ತಡೆಯಲು ತಂತಿಯ ಜಾಲರಿ ಸಾಕಾಗಿರುವಲ್ಲಿ ಸಿಮೆಂಟನ್ನು ಬಳಸಿದ್ದರ ಫಲವೇನಾಯಿತೆಂದರೆ, ಬಿಸಿಲಿನಲ್ಲಿ 60 ಡಿಗ್ರಿಯನ್ನು ಮೀರಿ ಕಾಯುವ ತಗಡಿನ ಕೆಳಗೆ ಗಾಳಿ ಸೆರೆಯಾಯಿತು. ಸಂಜೆಯ ಮೇಲೆ ಊರೆಲ್ಲ ತಣ್ಣಗಾದಾಗಲೂ ಆ ಮನೆಯ ಮೇಲಂತಸ್ತು ಮಾತ್ರ ರಾತ್ರಿ ಹತ್ತರವರೆಗೆ ಧಗೆಯಿಂದ ಬೇಯುವುದು. ಆಗ ಯಜಮಾನನು ಪರಿಹಾರವನ್ನು ಹುಡುಕಿಕೊಂಡು ಹೋಗಿ, ಮಾಡಿನ ನೆತ್ತಿಯ ಮೇಲೆ ಥಳಥಳಿಸುತ್ತ ತಿರುಗುವ ಗಾಳಿಚಕ್ರವೊಂದನ್ನು, ಎಂದರೆ ಟರ್ಬೊ ವೆಂಟಿಲೇಟರನ್ನು, ಕೊಂಡುತರುವನು.

ಪೀಣ್ಯದ ಕಾರ್ಖಾನೆಗಳ ಮೇಲೆ ಸಾಲುಗಟ್ಟಿ ತಿರುಗುವ ಈ ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ವಿದ್ಯುತ್ತನ್ನು ಬೇಡದೆ, ಸದ್ದು ಹೆಚ್ಚು ಮಾಡದೆ, ತನ್ನ ಪಾಡಿಗೆ ತಾನು ದುಡಿಯುವ ಉಪಕರಣಗಳು ಲೋಕದಲ್ಲಿ ವಿರಳ. ನನ್ನ ಆಕ್ಷೇಪವಿರುವುದು ಅದನ್ನು ಕೊಳ್ಳುವ ಕ್ರಮದ ಬಗ್ಗೆ. ಬಚ್ಚಲ ಒಲೆಗೆ ಬೆಂಕಿ ಹಾಕಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹೊಗೆಕೊಳವಿ ಎಷ್ಟೇ ಎತ್ತರವಾಗಿರಲಿ, ಕೆಳಗಣ ಒಲೆಬಾಯಿಯನ್ನು ಸೌದೆ ತುರುಕಿ ಮುಚ್ಚಿಬಿಟ್ಟರೆ ಬೆಂಕಿಯೂ ಏಳದು, ಹೊಗೆಯೂ ಮೇಲೇರದು. ಬಿಸಿಯಾದ ಗಾಳಿ ಹಗುರಾಗಿ ಮೇಲಕ್ಕೇರಿ ನೆತ್ತಿಯಿಂದ ಹೊರಹೋಗಬೇಕಾದರೆ, ಅಷ್ಟೇ ಪ್ರಮಾಣದ ತಂಪುಗಾಳಿ ಸೂರಿನ ಕೆಳಗಿಂದ ಒಳಬರಬೇಕು. ಒಳದಾರಿಯಿಲ್ಲದ ಹೊರದಾರಿ ಕೇವಲ ಅಲಂಕಾರ. ಗಾರೆ ಮೆತ್ತಿದ ಸೂರಿನ ಮೇಲೆ ಗಾಳಿಚಕ್ರವನ್ನಿಟ್ಟರೆ ಅದು ತಿರುಗುವುದೇನೋ ದಿಟ, ಬೀದಿಯ ಗಾಳಿ ಅದನ್ನು ತಿರುಗಿಸಿಯೇ ತಿರುಗಿಸುವುದು. ಆದರೆ ಒಳಗಿಂದ ಎಳೆಯಲು ಅದಕ್ಕೆ ಗಾಳಿಯೇ ದೊರೆಯದು. ತಿರುಗುತ್ತಿರುವುದು ಕಣ್ಣಿಗೆ ಕಾಣುವುದರಿಂದ ಕೊಂಡವನಿಗೆ ತೃಪ್ತಿ, ಮಾರಿದವನಿಗೆ ನೆಮ್ಮದಿ. ಮೇಲಂತಸ್ತಿನಲ್ಲಿ ಮಲಗುವವರಿಗೆ ಮಾತ್ರ ಹಿಂದಿನ ಬೇಗೆಯೇ.

ಅಳತೆಯ ಮಾತಿಗೆ ಬರೋಣ. ಅಮೆರಿಕದ ಮನೆಕಟ್ಟಡಗಳ ಸಂಹಿತೆಯಲ್ಲಿ ಅಟ್ಟದ ನೆಲದ ವಿಸ್ತೀರ್ಣಕ್ಕೆ 150ರಲ್ಲಿ ಒಂದು ಪಾಲಿನಷ್ಟು ನಿರಾತಂಕವಾದ ಗಾಳಿಕಿಂಡಿ ಇರಬೇಕೆಂದೂ, ಆ ಕಿಂಡಿಗಳಲ್ಲಿ ಹೆಚ್ಚುಕಡಮೆ ಅರ್ಧ ನೆತ್ತಿಯಲ್ಲಿ, ಉಳಿದರ್ಧ ಸೂರಿನಲ್ಲಿ ಸಮತೂಕವಾಗಿದ್ದರೆ 300ರಲ್ಲಿ ಒಂದು ಪಾಲು ಸಾಕೆಂದೂ ವಿಧಿಸಿದೆ. 1942ರಲ್ಲಿ ಅಲ್ಲಿನ ಸರ್ಕಾರದ ಗೃಹಸಾಲದ ಇಲಾಖೆ ಹೊರಡಿಸಿದ ನಿಯಮಾವಳಿಯಿಂದ ಹರಿದುಬಂದ ಈ ಪ್ರಮಾಣದ ಉದ್ದೇಶ, ಚಳಿಗಾಲದಲ್ಲಿ ಮಾಡಿನ ಒಳಮೈಗೆ ಇಬ್ಬನಿ ಕಟ್ಟಿ ಮರ ಕೊಳೆಯುವುದನ್ನು ತಪ್ಪಿಸುವುದಾಗಿತ್ತೇ ಹೊರತು ಬೇಸಗೆಯ ಧಗೆಯನ್ನು ಕಳೆಯುವುದಲ್ಲ. ಹಿಮ ಬೀಳುವ ನಾಡಿನ ಸೂತ್ರವನ್ನು ಕೋಗಿಲಿಗೆ ಕಣ್ಣು ಮುಚ್ಚಿ ತಂದು ಹೂಡಬೇಕೆಂದು ನಾನು ಹೇಳುತ್ತಿಲ್ಲ. ಅಳತೆಗೋಲೊಂದು ಬೇಕಲ್ಲ, ಅಷ್ಟಕ್ಕೆ ಇದು ಆದೀತು. ಅದರಲ್ಲಿಯೂ ಉದಾರವಾದ ಮೊದಲನೆಯ ಪ್ರಮಾಣವನ್ನೇ ಹಿಡಿಯತಕ್ಕದ್ದೆಂದು ನನ್ನ ಅಭಿಮತ. ಏಕೆಂದರೆ ನಮ್ಮ ತಾರಸಿಯ ತಗಡುಮಾಡುಗಳ ಇಳಿಜಾರು ಅಲ್ಪ, ಸೂರಿಗೂ ನೆತ್ತಿಗೂ ನಡುವಣ ಎತ್ತರ ಬಹಳವಾದರೆ ಮೂರು ನಾಲ್ಕು ಅಡಿ. ಬಿಸಿಗಾಳಿಯ ಹರಿವು ಎತ್ತರದ ವರ್ಗಮೂಲವನ್ನು ಅನುಸರಿಸುವುದಾದ್ದರಿಂದ, ಎತ್ತರ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟಾಗುವುದು. ಎತ್ತರವಿಲ್ಲದಲ್ಲಿ ಕಿಂಡಿಯ ವಿಸ್ತಾರದಿಂದಲೇ ಆ ಕೊರತೆಯನ್ನು ತುಂಬಿಕೊಳ್ಳಬೇಕು.

30×40ರ ನಿವೇಶನದಲ್ಲಿ 900 ಚದರಡಿಯ ಮಾಡೊಂದಿದೆಯೆನ್ನಿ. ಅದಕ್ಕೆ 6 ಚದರಡಿಯ ಕಿಂಡಿ ಬೇಕು: ಮೇಲೆ ಮೂರು, ಕೆಳಗೆ ಮೂರು. ಎರಡಡಿ ವ್ಯಾಸದ ಗಾಳಿಚಕ್ರವೊಂದರ ಕೊರಳು ಮೂರು ಚದರಡಿಗೆ ತುಸು ಮೀರಿರುವುದರಿಂದ ಹೊರದಾರಿ ಒಂದೇ ಚಕ್ರದಿಂದ ಪೂರೈಸಿತು. ಒಳದಾರಿಗೆ ಏನು ಬೇಕು? ಒಂಬತ್ತು ಅಂಗುಲ ಉದ್ದ, ಮೂರು ಅಂಗುಲ ಎತ್ತರದ ಒಂದು ಇಟ್ಟಿಗೆಯನ್ನು ಕಿತ್ತಷ್ಟು ಕಿಂಡಿಗಳು ಹದಿನಾರು ಬೇಕು. ಅವುಗಳಿಗೆ ಸೊಳ್ಳೆಯ ಜಾಲರಿಯನ್ನು ಬಿಗಿದರೆ ತಂತಿಯೂ ಧೂಳೂ ಸೇರಿ ಅರ್ಧದವರೆಗೆ ತಿಂದುಹಾಕಬಹುದಾದ್ದರಿಂದ ಮೂವತ್ತೆರಡು ಇರಲಿ. ಕೋಗಿಲಿನ ಎಷ್ಟು ಮನೆಗಳ ಸೂರಿನಲ್ಲಿ ಮೂವತ್ತೆರಡು ಕಿಂಡಿಗಳಿವೆಯೆಂಬುದನ್ನು ಓದುಗರೇ ಬೀದಿಯಲ್ಲಿ ನಿಂತು ಎಣಿಸಿಕೊಳ್ಳಬಹುದು.

ಇನ್ನು, ಒಂದು ಚಕ್ರದಿಂದ ಸೆಕೆ ಕಡಮೆಯಾಗದಿದ್ದಾಗ ಎರಡನೆಯದನ್ನು ತರುವ ಪ್ರವೃತ್ತಿಯಿದೆಯಲ್ಲ, ಅದರ ಲೆಕ್ಕವನ್ನೂ ನೋಡಬಹುದು. ಮೇಲೆ ಮೂರು, ಕೆಳಗೆ ಮೂರು ಚದರಡಿಯಿದ್ದ ಮಾಡಿಗೆ ಇನ್ನೂ ಮೂರು ಚದರಡಿಯನ್ನು ಮೇಲೆಯೇ ಸೇರಿಸಿದರೆ ಗಾಳಿಯ ಹರಿವು ಹೆಚ್ಚುವುದು ಕಾಲುಪಾಲಿಗಿಂತ ತುಸು ಮಿಗಿಲಾಗಿ ಅಷ್ಟೆ. ಅದೇ ಮೂರು ಚದರಡಿಯನ್ನು ಒಂದೂವರೆ ಮೇಲೆ, ಒಂದೂವರೆ ಕೆಳಗೆ ಎಂದು ಹಂಚಿದರೆ ಹರಿವು ಒಂದೂವರೆ ಪಟ್ಟಾಗುವುದು. ದಾರಿಯಲ್ಲಿ ಇಕ್ಕಟ್ಟಾದ ಬಾಗಿಲು ಯಾವುದೋ ಅದೇ ಒಟ್ಟು ಸಂಚಾರವನ್ನು ಆಳುವುದೆಂಬ ಈ ತತ್ತ್ವಕ್ಕೆ ಗಣಿತದ ಪದವಿಯೇನೂ ಬೇಕಾಗಿಲ್ಲ. ಎರಡರಲ್ಲಿ ಒಂದನ್ನು ಹಿರಿದು ಮಾಡಲೇಬೇಕಾದರೆ ಸೂರಿನ ಕಿಂಡಿಯನ್ನು ಹಿರಿದು ಮಾಡುವುದು ಲೇಸು. ನೆತ್ತಿಯ ಬಾಯಿ ದೊಡ್ಡದಾಗಿ ಸೂರಿನ ಬಾಯಿ ಕಿರಿದಾದಾಗ, ಗಾಳಿಗೆ ಹಸಿದ ಅಟ್ಟವು ಒಳಮಾಡಿನ ಸಂದುಗಳಿಂದ ಕೋಣೆಯ ಗಾಳಿಯನ್ನೇ ಹೀರತೊಡಗುವುದು. ಏರ್ ಕಂಡೀಶನರ್ ಇಟ್ಟುಕೊಂಡ ಮನೆಯಾದರೆ ಕಾಸು ಕೊಟ್ಟು ತಣಿಸಿದ ಗಾಳಿ ಮಾಡಿನಿಂದ ಆಕಾಶಕ್ಕೆ ಸಲ್ಲುವುದು.

ನೆತ್ತಿಯಲ್ಲಿ ಬಗೆಬಗೆಯ ಹೊರದಾರಿಗಳನ್ನು ಕಲಸುವುದೂ ಹೀಗೆಯೇ ಅನರ್ಥಕಾರಿ. ಮಾಡಿನ ಎರಡು ಇಳಿಜಾರುಗಳು ಸೇರುವ ಕೂಡುಗೆರೆಯುದ್ದಕ್ಕೂ ಸೀಳುಗಂಡಿ ಬಿಟ್ಟು ಅದರ ಮೇಲೆ ಟೋಪಿಯಂಥ ತಗಡು ಹೊದಿಸುವ ಪದ್ಧತಿ ಒಂದು; ಗಾಳಿಚಕ್ರ ಇನ್ನೊಂದು; ಇಕ್ಕಡೆಯ ತ್ರಿಕೋನಗೋಡೆಯಲ್ಲಿ ಜಾಲಂಧ್ರ ಬಿಡುವುದು ಮಗದೊಂದು. ಒಂದೊಂದೂ ತಾನಾಗಿ ಚೆನ್ನು. ಸೀಳುಗಂಡಿಯ ಪಕ್ಕದಲ್ಲಿಯೇ ಚಕ್ರವನ್ನು ನಿಲ್ಲಿಸಿದರೆ ಮಾತ್ರ ಚಕ್ರವು ಹದಿನೈದು ಅಡಿ ದೂರದ ಸೂರಿನಿಂದ ಗಾಳಿಯನ್ನೆಳೆಯುವ ಕಷ್ಟವನ್ನೇಕೆ ತೆಗೆದುಕೊಂಡೀತು? ಮಗ್ಗುಲ ಸೀಳಿನಿಂದಲೇ ಎಳೆದುಕೊಂಡು ಹೊರಹಾಕುವುದು. ಮಳೆ ಬಂದಾಗ ಆ ಸೀಳಿನಿಂದ ಎರಚಲನ್ನೂ ಎಳೆಯುವುದು. ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ನನ್ನನ್ನು ಕೇಳಿದರೆ ನಮ್ಮ ತಗಡುಮಾಡುಗಳಿಗೆ ಕೂಡುಗೆರೆಯ ಸೀಳೇ ಉತ್ತಮ: ಚಲಿಸುವ ಭಾಗವಿಲ್ಲ, ಬೇರಿಂಗು ಸವೆಯುವುದಿಲ್ಲ, ಗಾಳಿಯಿಲ್ಲದ ಮಟಮಟ ಮಧ್ಯಾಹ್ನದಲ್ಲಿಯೂ ಬಿಸಿಯ ಬಲವೊಂದರಿಂದಲೇ ಅದು ಕೆಲಸ ಮಾಡುವುದು.

ಗಾಳಿ ಎತ್ತಣಿಂದ ಬೀಸುವುದೆಂಬ ಪ್ರಶ್ನೆಗೆ ಕೋಗಿಲಿನವರು ದೂರ ಹೋಗಬೇಕಾದುದಿಲ್ಲ. ಜಕ್ಕೂರಿನ ವಿಮಾನತಾಣ, ಯಲಹಂಕದ ವಾಯುನೆಲೆ, ದೇವನಹಳ್ಳಿಯ ನಿಲ್ದಾಣ, ಈ ಮೂರೂ ಇವರ ಸುತ್ತಲಿವೆ. ಮೂರರ ಓಡುದಾರಿಗಳೂ ಹೆಚ್ಚುಕಡಮೆ ಪೂರ್ವ-ಪಶ್ಚಿಮವಾಗಿ ಚಾಚಿವೆ. ವಿಮಾನವು ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮ ಮತ್ತು ನೈಋತ್ಯದಿಂದಲೂ, ನವೆಂಬರಿನಿಂದ ಫೆಬ್ರವರಿಯವರೆಗೆ ಪೂರ್ವದ ಕಡೆಯಿಂದಲೂ ಬೀಸುವ ಈ ಪ್ರಸ್ಥಭೂಮಿಯ ಗಾಳಿಯನ್ನರಿತವರು ಓಡುದಾರಿಯನ್ನು ಬೇರೆ ಯಾವ ದಿಕ್ಕಿಗೂ ಹಾಕಲಾರರು. ಮನೆಯ ಕೂಡುಗೆರೆಯನ್ನು ಉತ್ತರ-ದಕ್ಷಿಣವಾಗಿಟ್ಟು, ಪೂರ್ವದ ಸೂರಿನಲ್ಲಿಯೂ ಪಶ್ಚಿಮದ ಸೂರಿನಲ್ಲಿಯೂ ಕಿಂಡಿಗಳನ್ನು ಸಮವಾಗಿ ಬಿಟ್ಟರೆ ವರ್ಷದ ಬಹುಭಾಗ ಒಂದಲ್ಲ ಒಂದು ಬದಿ ಗಾಳಿಗೆ ಮುಖ ಕೊಟ್ಟಿರುವುದು. ವಿಮಾನಕ್ಕಾಗಿ ನಾವು ಪಡೆದ ವಿವೇಕವನ್ನು ಮನೆಗಾಗಿ ಪಡೆಯಬಾರದೇಕೆ? ನಿವೇಶನದ ಉದ್ದಗಲಗಳು ಇದಕ್ಕೆ ಒಗ್ಗದಿರುವುದೂ ಉಂಟು. ಆಗ ಎರಡು ಬದಿಯ ಕಿಂಡಿಯನ್ನಾದರೂ ಉಳಿಸಿಕೊಂಡರೆ ಸಾಕು.

ಇಷ್ಟು ಹೇಳಿದ ಮೇಲೆ, ಗಾಳಿಯೊಂದರಿಂದಲೇ ಸಕಲವೂ ಪರಿಹಾರವಾಗುವುದೆಂದು ನಂಬಿಸುವುದು ಪ್ರಾಮಾಣಿಕತೆಯಲ್ಲ. ಕಾದ ತಗಡಿನಿಂದ ಕೆಳಗಿಳಿಯುವ ಬೇಗೆಯ ದೊಡ್ಡ ಪಾಲು ಗಾಳಿಯ ಮೂಲಕ ಬರುವುದಿಲ್ಲ; ಅದು ಕಿರಣರೂಪದಿಂದ ನೇರವಾಗಿ ತಾರಸಿಯ ಮೇಲೆಯೋ ಒಳಮಾಡಿನ ಮೇಲೆಯೋ ಬೀಳುವುದು. ಕಿರಣಕ್ಕೆ ಗಾಳಿಯ ಅಡ್ಡಿಯಿಲ್ಲ. ಅದನ್ನು ತಡೆಯಬೇಕಾದರೆ ತಗಡಿನ ಹೊರಮೈಗೆ ಬಿಳಿಯ ಅಥವಾ ತಿಳಿಬಣ್ಣವಿರಬೇಕು, ಇಲ್ಲವೆ ಒಳಮೈಯ ಕೆಳಗೆ ಹೊಳೆಯುವ ಅಲ್ಯುಮಿನಿಯಮ್ ಹಾಳೆಯನ್ನು ತುಸು ತೆರಪು ಬಿಟ್ಟು ಬಿಗಿಯಬೇಕು. ಕಡು ನೀಲಿಯ ತಗಡನ್ನು ಅಂದಕ್ಕಾಗಿ ಆರಿಸಿಕೊಂಡು, ಅದು ಹೀರಿದ ಬಿಸಿಲನ್ನು ಹೊರದೂಡಲು ಯಂತ್ರವನ್ನು ಕೊಳ್ಳುವುದು ಯಾವ ಬಗೆಯ ಮಿತವ್ಯಯವೋ ನಾನರಿಯೆ. ಗಾಳಿಯ ನಿಜವಾದ ಉಪಕಾರವಿರುವುದು ಸಂಜೆಯ ಮೇಲೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ 34 ಡಿಗ್ರಿಯಷ್ಟಿದ್ದರೂ ರಾತ್ರಿಯದು 22ರ ಸುಮಾರಿಗೆ ಇಳಿಯುವುದು. ಈ ಹನ್ನೆರಡು ಡಿಗ್ರಿಗಳ ಅಂತರವು ಚೆನ್ನೈಯವರಿಗಿಲ್ಲದ, ನಮಗೆ ಪುಕ್ಕಟೆಯಾಗಿ ದೊರೆತ ಸಂಪತ್ತು. ಸೂರು ತೆರೆದಿದ್ದರೆ ಆ ತಂಪು ರಾತ್ರಿಯಿಡೀ ಅಟ್ಟದಲ್ಲಿ ಹರಿದು, ಹಗಲೆಲ್ಲ ಕಾದ ಸಿಮೆಂಟಿನ ಹಲಗೆಯನ್ನು ಬೆಳಗಾಗುವುದರೊಳಗೆ ತಣಿಸುವುದು. ಮುಚ್ಚಿದ್ದರೆ ನಿನ್ನೆಯ ಬೇಗೆಯ ಮೇಲೆ ಇಂದಿನದು ಕೂಡಿಕೊಳ್ಳುವುದು.

ಉಷ್ಣದೇಶದ ಮಾಡುಗಳ ಈ ಶಾಸ್ತ್ರಕ್ಕೂ ನಮ್ಮ ಊರಿಗೂ ಹಳೆಯ ನಂಟೊಂದಿರುವುದನ್ನು ಇಲ್ಲಿ ನೆನೆಯಬಹುದು. ಹಿಟ್ಲರನ ಜರ್ಮನಿಯನ್ನು ತೊರೆದು ಬಂದ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ನೇಮಕಗೊಂಡು, ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಲವು ಕಟ್ಟಡಗಳನ್ನು ರಚಿಸಿದರು. ಬಿಸಿಲಿಗೆ ಮರೆ, ಗಾಳಿಗೆ ದಾರಿ ಎಂಬುದೇ ಅವರ ಯೋಜನೆಗಳ ಜೀವಾಳ. ಮುಂದೆ ಲಂಡನ್ನಿನಲ್ಲಿ ನೆಲಸಿ, ಸಹೋದ್ಯೋಗಿಗಳೊಡನೆ ಸೇರಿ 1974ರಲ್ಲಿ ಪ್ರಕಟಿಸಿದ ಉಷ್ಣವಲಯದ ವಸತಿನಿರ್ಮಾಣದ ಕೈಪಿಡಿಯನ್ನು ಜಗತ್ತಿನ ವಾಸ್ತುವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಬೆಂಗಳೂರಿನ ಬಿಸಿಲಿನಲ್ಲಿ ಪಳಗಿದ ಆ ಕೈಯ ಬರವಣಿಗೆ ಆಫ್ರಿಕದ ಊರುಗಳಿಗೆ ತಲಪಿತು. ಹತ್ತು ಮೈಲಿ ಉತ್ತರದ ಕೋಗಿಲಿಗೆ ಬರಲು ದಾರಿ ಕಾಣದೆ ಹೋಯಿತು.

ವಿಲ್ಲಾಗಳ ಸ್ಥಿತಿ ತಗಡಿನ ಮನೆಗಳಿಗಿಂತ ಮೇಲೆಂದು ಭಾವಿಸಬೇಕಾಗಿಲ್ಲ. ಚಂದದ ಹೆಂಚನ್ನು ಸಿಮೆಂಟಿನ ಇಳಿಜಾರು ಹಲಗೆಯ ಮೇಲೆ ಗಾರೆಯಿಂದ ಅಂಟಿಸಿ, ಒಳಗೆ ಬಿಗಿಯಾದ ಜಿಪ್ಸಮ್ ಮಾಡನ್ನು ಕಟ್ಟಿ, ನಡುವಣ ಪೊಳ್ಳಿಗೆ ಒಂದು ಕಿಂಡಿಯನ್ನೂ ಬಿಡದಿರುವುದು ಅಲ್ಲಿಯ ರೂಢಿ. ಇದಕ್ಕಿಂತಲೂ ವಿಚಿತ್ರವಾದದ್ದೊಂದುಂಟು: ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಕೊಳವೆಯನ್ನು ಹೊರಗೋಡೆಯವರೆಗೆ ಒಯ್ಯುವ ಬದಲು ಆ ಪೊಳ್ಳಿನಲ್ಲಿಯೇ ಬಾಯಿಬಿಡಿಸಿ ಕೈಬಿಡುವುದು. ಸ್ನಾನದ ಹಬೆಯೆಲ್ಲ ಅಲ್ಲಿ ಸೇರಿ, ಎರಡು ಮಳೆಗಾಲ ಕಳೆಯುವುದರೊಳಗೆ ಜಿಪ್ಸಮ್ಮಿನ ಮೇಲೆ ಕಂದು ಕಲೆಗಳೂ ಬೂಷ್ಟಿನ ವಾಸನೆಯೂ ಕಾಣಿಸಿಕೊಂಡಾಗ, ಮನೆಯವರು ಸೋರಿಕೆಯೆಂದು ತಿಳಿದು ಹೆಂಚು ಕೀಳಿಸುವರು.

ಹಾಗಾದರೆ ನಿಯಮವೇನು ಹೇಳುವುದು? ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಹೊರಡಿಸಿದ ಎಕೊ ನಿವಾಸ ಸಂಹಿತೆ ವಸತಿಗೃಹಗಳ ಮಾಡಿನಿಂದ ಒಳಬರುವ ಶಾಖಕ್ಕೆ ಮಿತಿಯನ್ನು ಗೊತ್ತುಮಾಡಿದೆ. ಬೆಂಗಳೂರಿನಂಥ ಸಮಶೀತೋಷ್ಣ ವಲಯದ ಮನೆಗಳಲ್ಲಿ ತೆರೆಯಬಹುದಾದ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ನೂರಕ್ಕೆ 12.5ರಷ್ಟಾದರೂ ಇರಬೇಕೆಂದಿದೆ. ಒಳ್ಳೆಯ ಮಾತೇ. ಆದರೆ ಆ ಸಂಹಿತೆ ಅನ್ವಯಿಸುವುದು 500 ಚದರ ಮೀಟರಿಗೆ ಕಡಮೆಯಿಲ್ಲದ ನಿವೇಶನಗಳಿಗೆ. 30×40ರ ನಿವೇಶನ ಸುಮಾರು 111 ಚದರ ಮೀಟರ್. ಕೋಗಿಲಿನ ಸಾಮಾನ್ಯ ಸಂಸಾರಿಯ ಮನೆ ಆ ಕಟ್ಟಳೆಯ ಕಣ್ಣಿಗೆ ಬೀಳುವುದೇ ಇಲ್ಲ. ಬಿಸಿಲಿಗೆ ಮಾತ್ರ ಅಂಥ ರಿಯಾಯಿತಿಯಿಲ್ಲ. ತೆಲಂಗಾಣ ಸರ್ಕಾರ 2023ರಲ್ಲಿ ತಂಪುಮಾಡಿನ ನೀತಿಯೊಂದನ್ನು ಪ್ರಕಟಿಸಿ ಮಾಡಿನ ಮೈಬಣ್ಣವನ್ನು ಸಾರ್ವಜನಿಕ ವಿಷಯವಾಗಿಸಿತು. ನಮ್ಮಲ್ಲಿ ಅಷ್ಟು ದೊಡ್ಡ ನೀತಿಗೆ ಕಾಯಬೇಕಾಗಿಯೂ ಇಲ್ಲ. ಹೊಸದಾಗಿ ರಚಿತವಾದ ಬೆಂಗಳೂರು ಉತ್ತರ ನಗರಪಾಲಿಕೆ ಮನೆಯ ನಕ್ಷೆಗೆ ಒಪ್ಪಿಗೆ ಕೊಡುವಾಗ, ಮಾಡಿನ ಒಳದಾರಿ ಎಷ್ಟು ಚದರಡಿ, ಹೊರದಾರಿ ಎಷ್ಟು ಚದರಡಿ ಎಂಬ ಎರಡು ಅಂಕೆಗಳನ್ನು ನಕ್ಷೆಯ ಮೂಲೆಯಲ್ಲಿ ಬರೆಯಿಸಿಕೊಳ್ಳಲಿ. ಎಂಜಿನಿಯರಿಗೆ ಐದು ನಿಮಿಷದ ಕೆಲಸ, ಪಾಲಿಕೆಗೆ ಒಂದು ಕಾಸಿನ ಖರ್ಚಿಲ್ಲ.

ಈಗಾಗಲೇ ತಗಡು ಹೊದಿಸಿಕೊಂಡವರಿಗೆ ನನ್ನ ವಿನಂತಿಯಿಷ್ಟೆ. ಗಾಳಿಚಕ್ರದ ಅಂಗಡಿಗೆ ಹೋಗುವ ಮುನ್ನ ಏಣಿ ಹಾಕಿ ಒಮ್ಮೆ ಸೂರಿನ ಕೆಳಗೆ ನೋಡಿರಿ. ಗಾರೆ ಮೆತ್ತಿದ್ದರೆ ಒಡೆಯಿಸಿರಿ. ಕಾಲು ಅಂಗುಲದ ಕಣ್ಣಿನ ಗಟ್ಟಿ ತಂತಿಜಾಲರಿಯನ್ನು ಬಿಗಿಸಿದರೆ ಹೆಗ್ಗಣವೂ ಬಾರದು, ಪಾರಿವಾಳವೂ ಬಾರದು. ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ಅದರ ಧೂಳು ಹೊಡೆಸಿರಿ. ಈ ಕೆಲಸಕ್ಕೆ ಒಬ್ಬ ಗಾರೆಯವನ ಒಂದು ದಿನದ ಕೂಲಿ ಸಾಕು, ಮಾರ್ಚ್ ಬರುವುದರೊಳಗೆ ಮಾಡಿಸಿಕೊಳ್ಳಿರಿ.